ಕಂಪವಾತ ಉಪಸಮಿತಿಯ ಚಹಾ ಪರೀಕ್ಷೆ

೧೯೫೭ರ ಫ್ಲೂ ಜ್ವರದ ಕಾಲದಲ್ಲಿ ಕಾಪುವಿನಲ್ಲಿ ಕಂಪವಾತದ ರೋಗಿ ಒಬ್ಬರೇ ಇದ್ದರು. ಅವರು ಕಂಪವಾತದ ರೋಗಿಗಳನ್ನು ಹುಡುಕಿಕೊಂಡು ಉಡುಪಿಯಿಂದ ಬಂದ ಗುಮಾಸ್ತರು. ಇದು ಉಪಸಮಿತಿಯ ವರದಿಯಲ್ಲಿ ಮೊಹರು ಸಹಿತ ದಾಖಲಾಗಿದೆ. ಅದೇ ಊರಿನ ದರ್ಜಿ ಬೆಂಜಮಿನ್ ಕ್ವಾಡ್ರಸರ ಕೈ ನಾಲ್ಕು ವರ್ಷಗಳಿಂದ ನಡುಗುತ್ತಿತ್ತಲ್ಲ ಎಂದು ಕೇಳಬೇಡಿ. ಅದು ವರದಿಯಲ್ಲಿಲ್ಲ.

ಊರವರು ಪೊರ್ಬುಗಳು ಎಂದು ಗೌರವದಿಂದ ಕರೆಯುತ್ತಿದ್ದ ಈ ಬೆಂಜಮಿನ್ ಸಾಮಾನ್ಯ ದರ್ಜಿಯಲ್ಲ ಮಾರಾಯ್ರೇ. ಪಡುಬಿದ್ರಿಯಿಂದ ಉಡುಪಿಯವರೆಗೆ ಮದುವೆಯಾಗುವವನು ಹುಡುಗಿಯನ್ನು ಮೊದಲು ಗೊತ್ತುಮಾಡುತ್ತಿದ್ದನೋ, ಕೋಟು ಹೊಲಿಯಲು ಪೊರ್ಬುಗಳನ್ನು ಮೊದಲು ಗೊತ್ತುಮಾಡುತ್ತಿದ್ದನೋ, ಹೇಳುವುದು ಕಷ್ಟ. ಅಂಥವರಿಗೆ ಈಗ ತಮ್ಮ ಪ್ಯಾಂಟಿನ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬೆರಳುಗಳು ಸೌದೆಯ ಹಾಗೆ ಬಿಗಿದುಕೊಳ್ಳುತ್ತಿದ್ದವು. ಸುಮ್ಮನೆ ಕೂತರೆ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಏನನ್ನಾದರೂ ಹಿಡಿದರೆ ನಡುಕ ನಿಲ್ಲುತ್ತಿತ್ತು. ಮಣಿಪಾಲದ ಡಾಕ್ಟರು ನೋಡಿ, "ಕಂಪವಾತ ಅಂದರೆ ಹೀಗೇ" ಎಂದು ಚೀಟಿ ಬರೆದುಕೊಟ್ಟಿದ್ದರು.

ಬೊಂಬಾಯಿಯಲ್ಲಿದ್ದ ಹೆಂಡತಿಯ ತಮ್ಮ ಲಿಯೋನೆಲ್ ಕಳುಹಿಸುವ ಬಿಳಿ ಮಾತ್ರೆಯನ್ನು ಬೆಳಿಗ್ಗೆ ನುಂಗಿದರೆ, ಒಂದು ಗಂಟೆಯಲ್ಲಿ ಬೆರಳು ಸಡಿಲವಾಗಿ ಎಲ್ಲ ಗುಂಡಿಗಳನ್ನು ಅವರೇ ಹಾಕಿಕೊಳ್ಳುತ್ತಿದ್ದರು. ಫ್ಲೂ ಬಂದು ಲಿಯೋನೆಲ್ ಮಲಗಿದ, ಮಾತ್ರೆ ನಿಂತಿತು. ಗುಂಡಿಯ ಕೆಲಸ ಹೆಂಡತಿ ಸಿಸಿಲಿಯಾಳ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಅವಳು ಎದುರಿಗೆ ಬಗ್ಗಿ ಪ್ಯಾಂಟಿನ ಗುಂಡಿ ಹಾಕುವಾಗ ಪೊರ್ಬುಗಳು ಮಾಡಿನ ಹಂಚು ಎಣಿಸುತ್ತಿದ್ದರು. ನಾಚಿಕೆಯಿಂದ ಕಣ್ಣಲ್ಲಿ ನೀರು ಬರುತ್ತಿತ್ತು.

ಹೀಗಿರುವಾಗ ಉಡುಪಿಯಿಂದ ಪ್ರಕಟಣೆ ಹೊರಟಿತು: "ಸಾಂಕ್ರಾಮಿಕ ಜ್ವರದ ಕಾಲದಲ್ಲಿ ಕಂಪವಾತದವರು ಮನೆಯಲ್ಲಿ ಹೇಗೆ ದಿನ ಕಳೆಯುತ್ತಾರೆಂದು ಸಂಶೋಧಿಸಲು ಉಪಸಮಿತಿಯನ್ನು ರಚಿಸಲಾಗಿದೆ. ರೋಗಿಯೆಂದು ಸಾಬೀತಾದವರಿಗೆ ಮಾತ್ರೆಗಳನ್ನು ಉಚಿತವಾಗಿ ಕೊಡಲಾಗುವುದು. ಸಾಬೀತಾಗದವರನ್ನು ಆರೋಗ್ಯವಂತರೆಂದು ಪರಿಗಣಿಸಲಾಗುವುದು. ತಕರಾರು ಇದ್ದವರು ತಕರಾರು ಇಟ್ಟುಕೊಳ್ಳತಕ್ಕದ್ದು."

ಅಧ್ಯಕ್ಷರು ಉಮಾನಾಥ ಹೆಗ್ಡೆಯವರು. ಅಕ್ಕಿಮಿಲ್ಲು ನಡೆಸಿ ಹದಿನೈದು ವರ್ಷಗಳ ಅನುಭವ. ಡಾಕ್ಟರಿಂದ ಡಾಕ್ಟರಿಗೆ ಅಭಿಪ್ರಾಯ ಬದಲಾಗುತ್ತದೆ, ಚಹಾ ಬದಲಾಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಅದರಂತೆ ನಿಯಮ ಮಾಡಿದರು: ಅಂಚಿನವರೆಗೆ ತುಂಬಿದ ಚಹಾದ ಕಪ್ಪನ್ನು ಎರಡು ನಿಮಿಷ ಹಿಡಿಯತಕ್ಕದ್ದು. ಅರ್ಧ ಔನ್ಸಿಗಿಂತ ಹೆಚ್ಚು ಚೆಲ್ಲಿದರೆ ಕಂಪವಾತ. ಪರೀಕ್ಷಕನು ಮೊದಲು ತಾನೇ ಹಿಡಿದು ತೋರಿಸತಕ್ಕದ್ದು, ಮತ್ತು ತನ್ನ ಫಲಿತಾಂಶವನ್ನೂ ಅದೇ ನಮೂನೆಯಲ್ಲಿ ಬರೆಯತಕ್ಕದ್ದು.

ಗುಮಾಸ್ತ ಹಯಗ್ರೀವ ಭಟ್ಟರು ಕಾಪುವಿನಲ್ಲಿ ಬಸ್ಸಿಳಿದ ದಿನ ಅವರಿಗೇ ನೂರಮೂರು ಡಿಗ್ರಿ ಜ್ವರ. ರಜೆ ಕೇಳಿದ್ದರು. "ಜ್ವರದ ಕಾಲದ ಸಂಶೋಧನೆಗೆ ಜ್ವರ ಅಂತ ರಜೆಯಾ ಭಟ್ರೇ?" ಎಂದು ಹೆಗ್ಡೆಯವರು ಬಸ್ಸು ಹತ್ತಿಸಿದ್ದರು.

ನೇರ ಪೊರ್ಬುಗಳ ಮನೆಗೆ ಬಂದು, ಪೇಟೆಯ ಹೋಟೆಲಿನಿಂದ ಚಹಾ ತರಿಸಿದರು. ನಿಯಮದಂತೆ ಭಟ್ಟರು ಮೊದಲು ಕಪ್ ಹಿಡಿದರು. ಚಳಿಜ್ವರಕ್ಕೆ ಹಲ್ಲು ಕಟಕಟ ಅನ್ನುತ್ತಿತ್ತು. ಮೂರು ಔನ್ಸ್ ಚಹಾ ನೆಲಕ್ಕೆ ಹೋಯಿತು. ಆಮೇಲೆ ಪೊರ್ಬುಗಳು ಹಿಡಿದರು. ಕಪ್ ಕೈಗೆ ಬಂದದ್ದೇ ನಡುಕ ನಿಂತಿತು. ಎರಡು ನಿಮಿಷದಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ.

"ಅಭಿನಂದನೆ ಪೊರ್ಬುಗಳೇ, ನಿಮಗೆ ಎಂತದೂ ಇಲ್ಲ" ಎಂದು ಭಟ್ಟರು ಬರೆದುಕೊಂಡರು. "ನನಗೆ ಉಂಟು."

"ಅಯ್ಯೋ ಭಟ್ರೇ, ನಿಮ್ಮದು ಫ್ಲೂ ಅಲ್ವಾ?" ಎಂದಳು ಸಿಸಿಲಿಯಾ.

"ನನಗೂ ಗೊತ್ತುಂಟು ಬಾಯಮ್ಮ. ಆದರೆ ಯಾಕೆ ಚೆಲ್ಲಿತು ಅಂತ ಬರೆಯಲಿಕ್ಕೆ ನಮೂನೆಯಲ್ಲಿ ಜಾಗ ಇಲ್ಲ. ಎಷ್ಟು ಚೆಲ್ಲಿತು ಅಂತ ಮಾತ್ರ ಉಂಟು."

ಪೊರ್ಬುಗಳು ಕಪ್ ಕೆಳಗಿಟ್ಟು ಕೈಯನ್ನು ತೊಡೆಯ ಮೇಲಿಟ್ಟರು. ಅದು ನಡುಗತೊಡಗಿತು. "ಈಗ ನೋಡಿ!"

ಭಟ್ಟರು ಬಗ್ಗಿ ನೋಡಿದರು, ನಿಜವಾಗಿ ಮರುಗಿದರು. "ಹೌದು, ಪಾಪ. ಆದರೆ ಕಪ್ ಇಲ್ಲದಾಗಿನ ನಡುಕ ಖಾಸಗಿ ನಡುಕ. ಅದರಲ್ಲಿ ನಾವು ಕೈಹಾಕುವ ಹಾಗಿಲ್ಲ."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಡಾಕ್ಟರ ಚೀಟಿಗೆ ಬೆಲೆ ಇಲ್ವಾ?" ಎಂದಳು ಸಿಸಿಲಿಯಾ.

"ಉಂಟು ಬಾಯಮ್ಮ, ತುಂಬ ಬೆಲೆ ಉಂಟು. ಅದಕ್ಕೇ ಜೋಪಾನವಾಗಿ ಇಟ್ಟುಕೊಳ್ಳಿ."

ಹೀಗೆ ಭಟ್ಟರು ಕಾಪುವಿನ ಒಂದನೇ ನಂಬರಿನ ರೋಗಿಯಾದರು. ಕಾಪುವಿನಲ್ಲಿ ದಾಖಲಾದ ರೋಗಿ ಕಾಪುವಿನಲ್ಲೇ, ಸ್ಥಳೀಯ ಆರೋಗ್ಯವಂತನೊಬ್ಬನ ಸಮಕ್ಷಮ ಮಾತ್ರೆ ನುಂಗಬೇಕೆಂದು ನಿಯಮ. ಊರಲ್ಲಿ ಸಾಬೀತಾದ ಆರೋಗ್ಯವಂತರು ಪೊರ್ಬುಗಳೊಬ್ಬರೇ. ಆದ್ದರಿಂದ ಭಟ್ಟರು ದಿನಾ ಉಡುಪಿಯಿಂದ ಬಸ್ಸಿನಲ್ಲಿ ಬಂದು, ಪೊರ್ಬುಗಳ ಎದುರು ಕೂತು, ಪೊರ್ಬುಗಳಿಗೆ ಬೇಕಾದ ಅದೇ ಬಿಳಿ ಮಾತ್ರೆಯನ್ನು ಪೊರ್ಬುಗಳ ಮನೆಯ ನೀರಿನಲ್ಲಿ ನುಂಗತೊಡಗಿದರು. ಮಾತ್ರೆ ಗಂಟಲಿಳಿಯುವವರೆಗೂ ಪೊರ್ಬುಗಳ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು.

ಫ್ಲೂ ಐದು ದಿನದಲ್ಲಿ ಬಿಟ್ಟಿತು. ಮಾತ್ರೆ ಬಿಡಲಿಲ್ಲ. ಭಟ್ಟರ ಬಾಯಿ ಒಣಗಿ ಹಪ್ಪಳವಾಯಿತು, ಅಕ್ಷರಗಳು ಮಂಜಾದವು. "ಪೊರ್ಬುಗಳೇ, ನಿಮ್ಮ ಬಾಯಿಗೇ ಹಾಕಿಬಿಡುವ ಅನಿಸುತ್ತದೆ" ಎಂದರು ಒಂದು ದಿನ. "ಆದರೆ ಆರೋಗ್ಯವಂತರಿಗೆ ಔಷಧಿ ತಿನ್ನಿಸಿದರೆ ನನ್ನ ನೌಕರಿ ಹೋಗುತ್ತದೆ. ಮನೆಯಲ್ಲಿ ಮೂರು ಹೆಣ್ಣುಮಕ್ಕಳಿದ್ದಾರೆ." ಪೊರ್ಬುಗಳು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ತೆಗೆದುಕೊಂಡ ಕೈ ತೊಡೆಯ ಮೇಲೆ ಕೂತು ಖಾಸಗಿಯಾಗಿ ನಡುಗಿತು.

ಕೊನೆಗೆ ಸಿಸಿಲಿಯಾಳೇ ಮೇಲ್ಮನವಿ ಬರೆಸಿದಳು. ಮರುಪರೀಕ್ಷೆ ಉಡುಪಿಯಲ್ಲಿ, ಸ್ವತಃ ಹೆಗ್ಡೆಯವರ ಎದುರು. ದಾರಿಯುದ್ದಕ್ಕೂ ಅವಳು ಗಂಡನ ಕಿವಿ ಕಚ್ಚಿದಳು: "ಮರ್ಯಾದೆ ಮರ್ಯಾದೆ ಅಂತ ಕೂರಬೇಡಿ. ಕಪ್ ಕೈಗೆ ಕೊಟ್ಟ ಕೂಡಲೇ ಚೆಲ್ಲಿಬಿಡಿ. ಮಾತ್ರೆ ನಮ್ಮದು!"

ಪೊರ್ಬುಗಳು ಚೆಲ್ಲಿದರು. ಜೀವಮಾನದಲ್ಲಿ ಒಂದು ಹೊಲಿಗೆಯನ್ನೂ ತಪ್ಪು ಹಾಕದ ಕೈ, ಚೆಲ್ಲುವುದರಲ್ಲಾದರೂ ತಪ್ಪೀತೇ? ಇಡೀ ಕಪ್ ಚಹಾ ಹೆಗ್ಡೆಯವರ ಬಿಳಿ ಪಂಚೆಯ ಮೇಲೆ ಒಂದೇ ಧಾರೆಯಾಗಿ ಬಿತ್ತು.

ಹೆಗ್ಡೆಯವರು ಸಿಟ್ಟಾಗಲಿಲ್ಲ. ಪಂಚೆ ಕೊಡವಿಕೊಂಡು ತೀರ್ಪು ಹೇಳಿದರು: "ಬರೆಯಿರಿ ಭಟ್ರೇ. ನಡುಗುವ ಕೈಯಿಂದ ಚಹಾ ನಾಲ್ಕು ದಿಕ್ಕಿಗೆ ಚೆಲ್ಲುತ್ತದೆ. ಇವರು ಒಂದೇ ಕಡೆ ಚೆಲ್ಲಿದ್ದಾರೆ. ಇಷ್ಟು ಹತೋಟಿ ಇರುವ ಕೈ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇವರನ್ನು ಮಾದರಿ ಆರೋಗ್ಯವಂತರೆಂದು ಘೋಷಿಸಿ, ಊರೂರಿಗೆ ಕರೆದುಕೊಂಡು ಹೋಗಿ ತೋರಿಸತಕ್ಕದ್ದು."

"ನನ್ನ ಗುಂಡಿ..." ಎಂದರು ಪೊರ್ಬುಗಳು.

"ಗುಂಡಿಗೂ ಕಂಪವಾತಕ್ಕೂ ಎಂತ ಸಂಬಂಧ? ನೀವು ದರ್ಜಿಯಲ್ವಾ?" ಎಂದು ಹೆಗ್ಡೆಯವರು ನಕ್ಕರು. ಸಭೆಯೂ ನಕ್ಕಿತು.

ಮೊದಲ ಪ್ರದರ್ಶನ ಕಾರ್ಕಳದಲ್ಲಿ. ಜೊತೆಗೆ ತಾನೂ ಬರುತ್ತೇನೆಂದು ಸಿಸಿಲಿಯಾ ಅರ್ಜಿ ಹಾಕಿದಳು. ಆರೋಗ್ಯವಂತರಿಗೆ ಆರೈಕೆಯವರು ಬೇಡವೆಂದು ಅದು ಮರುದಿನವೇ ವಾಪಸು ಬಂತು. ಆ ಕಚೇರಿಯಲ್ಲಿ ಒಂದೇ ದಿನದಲ್ಲಿ ತೀರ್ಮಾನವಾದ ಅರ್ಜಿ ಅದೊಂದೇ. ಮಾದರಿ ರೋಗಿಯಾಗಿ ಹಯಗ್ರೀವ ಭಟ್ಟರು ಮಾತ್ರ ಜೊತೆಗೆ ಹೋದರು.

ಅಜೆಕಾರು, ಕುಕ್ಕುಂದೂರಿನಿಂದೆಲ್ಲ ಜನ ಬಂದು ಸೇರಿದ್ದರು. ವೇದಿಕೆಯ ಮೇಲೆ ಪೊರ್ಬುಗಳು ತಾವೇ ಹೊಲಿದ ಕೋಟು ತೊಟ್ಟು ನಿಂತಿದ್ದರು. ಕೋಟು ತೆರೆದೇ ಇತ್ತು. ಫೋಟೋದವನು "ಗುಂಡಿ ಹಾಕಿ ಸ್ವಾಮೀ" ಎಂದ. ಪೊರ್ಬುಗಳು ಹಾಕಲು ಹೋದರು. ಬೆರಳು ಗುಂಡಿಯವರೆಗೆ ಹೋಯಿತು, ಅಲ್ಲೇ ನಿಂತಿತು. ಜನ ಕಾದರು, ಹೆಗ್ಡೆಯವರು ಗಡಿಯಾರ ನೋಡಿದರು. ನೋಡಲಾರದೆ ಭಟ್ಟರು ಎದ್ದು ಬಂದು ಮೂರೂ ಗುಂಡಿಗಳನ್ನು ಚಕಚಕನೆ ಹಾಕಿದರು.

ಸಭೆ ಚಪ್ಪಾಳೆ ತಟ್ಟಿತು. ಇಷ್ಟು ಬೇಗ ಗುಂಡಿ ಹಾಕುವ ಕಂಪವಾತದವನನ್ನು ಅವರು ಕಂಡಿರಲಿಲ್ಲ. ಮಾತ್ರೆಯ ಗುಣವೆಂದು ಹೆಗ್ಡೆಯವರು ಅಲ್ಲೇ ಬರೆಸಿದರು.

ಮುಂದಿನ ಸಾಲಿನಲ್ಲಿದ್ದ ಪುಷ್ಪಾವತಿಯಮ್ಮ ಎಂಬ ಮುದುಕಿಗೆ ಮಾತ್ರ ತಡೆಯಲಿಲ್ಲ. "ಎಂತ ಮನುಷ್ಯ ಮಾರಾಯ್ರೇ ಇವರು! ಕಲ್ಲಿನಂಥ ಆರೋಗ್ಯ ಇಟ್ಟುಕೊಂಡು, ಆ ಪಾಪದ ರೋಗಿಯ ಕೈಯಲ್ಲಿ ಗುಂಡಿ ಹಾಕಿಸಿಕೊಳ್ಳುತ್ತಾರಲ್ಲ, ನಾಚಿಕೆ ಬೇಡವಾ?"

ಪೊರ್ಬುಗಳು ತಲೆ ತಗ್ಗಿಸಿದರು. ಅವರಿಗೂ ಹೌದೆನಿಸಿತು.

"ತಪ್ಪಾಯಿತು ಭಟ್ರೇ" ಎಂದರು ಮೆಲ್ಲಗೆ. "ನಿಮ್ಮ ಈ ಸ್ಥಿತಿಯಲ್ಲಿ ನಿಮಗೆ ತೊಂದರೆ ಕೊಟ್ಟೆ."