ಅಕ್ಕ ನೋಡುವ ಯುದ್ಧಗಳು

ನಮ್ಮ ಅಕ್ಕನಷ್ಟು ಯುದ್ಧ ನೋಡಿದವರು ಇಡೀ ಹುಮನಾಬಾದಿನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ರಿಟೈರಾದ ಸೈನಿಕರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಮರುಭೂಮಿ, ಹಿಮ, ಕಾಡು, ಕಡಲು, ಎಲ್ಲ ಕಡೆ ಹೋಗಿ ಬಂದಿದ್ದಾಳೆ, ಮಂಚದ ಮೇಲೆ ಕಾಲು ಚಾಚಿ, ಮಡಿಲಲ್ಲಿ ಚುರುಮುರಿ ಬುಟ್ಟಿ ಇಟ್ಟುಕೊಂಡು. ವಯಸ್ಸು ಎಪ್ಪತ್ತು ದಾಟಿದೆ, ಕಿವಿ ಮಂದ. ಹೀಗಾಗಿ ಸಂಜೆಯಾಯಿತೆಂದರೆ ಆಕೆಯ ಓಣಿಯಲ್ಲಿ ಟಿವಿಯ ಫಿರಂಗಿಗಳು ಗುಡುಗುತ್ತವೆ. ಓಣಿಯ ನಾಯಿಗಳಿಗೂ ಅಭ್ಯಾಸವಾಗಿಬಿಟ್ಟಿದೆ. ದೀಪಾವಳಿಯ ಪಟಾಕಿಗೆ ಅವು ಕಣ್ಣು ತೆರೆದೂ ನೋಡುವುದಿಲ್ಲ!

ಒಡಹುಟ್ಟಿದವಳಲ್ಲ, ದೊಡ್ಡಪ್ಪನ ಮಗಳು. ನನ್ನ ಅಪ್ಪನಿಗೆ ಗುಲಬರ್ಗಾದಲ್ಲಿ ನೌಕರಿ ಇತ್ತು, ನಾನು ‘ಗುಡ್ ಮಾರ್ನಿಂಗ್ ಸಿಸ್ಟರ್’ ಎಂದು ರಾಗ ಎಳೆಯುತ್ತ ಬೆಳೆದೆ. ಆಕೆ ಊರಲ್ಲಿ ಸಗಣಿ ಸಾರಿಸುತ್ತ ಬೆಳೆದಳು. ಅದನ್ನು ಇನ್ನೂ ಮರೆತಿಲ್ಲ. ನನ್ನ ಹೆಸರು ಹಿಡಿದು ಕರೆದವಳೇ ಅಲ್ಲ, ‘ಏ ಕಾನ್ವೆಂಟ್’ ಅನ್ನುತ್ತಾಳೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಬಸವಕಲ್ಯಾಣದಿಂದ ಆಗಾಗ ಬಸ್ಸು ಹತ್ತಿ ಆಕೆಯ ಮನೆಗೆ ಹೋಗುತ್ತೇನೆ. ತಂಗಿ ಮೇಲಿನ ಪ್ರೀತಿಗೆ ಕರೆಸಿಕೊಳ್ಳುತ್ತಾಳೆ ಅಂದುಕೊಂಡಿರಾ? ನೋ, ಮೈ ಡಿಯರ್! ಇಂಗ್ಲಿಷ್ ವಾರ್ ಪಿಕ್ಚರ್‌ಗಳಿಗೆ ನಾನು ಆಕೆಯ ಬಿಟ್ಟಿ ಟ್ರಾನ್ಸ್‌ಲೇಟರ್.

ಒಮ್ಮೆ ಪಕ್ಕದ ಮನೆಯಾಕೆ ತಮ್ಮ ಟಿವಿ ಕೆಟ್ಟಿತೆಂದು ಬಂದರು.

“ಅಕ್ಕಾರ, ಸ್ವಲ್ಪ ಸೀರಿಯಲ್ ಹಚ್ಚರಿ. ಸೊಸಿ ಹಾಲಿನಾಗ ವಿಷ ಹಾಕ್ಯಾಳ. ಅತ್ತಿ ಕುಡಿತಾಳೋ ಇಲ್ಲೋ ನೋಡಬೇಕು.”

“ಇಲ್ಲಿ ಸೇತುವಿ ಮ್ಯಾಲ ಅಷ್ಟು ಮಂದಿ ಸಿಕ್ಕೊಂಡು ಒದ್ದಾಡಾಕತ್ತಾರ, ನಿನಗ ಒಂದ್ ವಾಟಿ ಹಾಲಿನ ಚಿಂತಿ! ಕುಂದ್ರು, ಸುಮ್ಕ ನೋಡು.”

“ಇದರಾಗ ಹೆಣ್ಮಕ್ಕಳೇ ಇಲ್ಲಲ್ರಿ?”

“ಇದ್ದಾರವ್ವ, ಮನ್ಯಾಗ ಇದ್ದಾರ. ಅವರನ್ನ ತೋರಸಂಗಿಲ್ಲ.”

ಆ ಅತ್ತೆ ಹಾಲು ಕುಡಿದಳೋ ಇಲ್ಲವೋ, ಪಾಪ, ಪಕ್ಕದ ಮನೆಯಾಕೆಗೆ ಇಂದಿಗೂ ಗೊತ್ತಾಗಿಲ್ಲ.

ಯುದ್ಧದ ಪಿಕ್ಚರ್ ಯಾಕೆ ಇಷ್ಟ ಎಂದು ಕೇಳಿ ನೋಡಿ, ಕೆಲವರು ದೇಶಭಕ್ತಿ ಅನ್ನುತ್ತಾರೆ, ಕೆಲವರು ಫೈಟಿಂಗ್ ಅನ್ನುತ್ತಾರೆ. ನನ್ನನ್ನು ಕೇಳಿದರೆ, ಈ ವಯಸ್ಸಿನಲ್ಲಿ ಇನ್ನೇನು ನಾಚಿಕೆ, ಯೂನಿಫಾರ್ಮ್! ಇಸ್ತ್ರಿ ಮಾಡಿದ ಯೂನಿಫಾರ್ಮ್ ಕಂಡರೆ ಕಾನ್ವೆಂಟ್ ಹುಡುಗಿಯರು ಮೊದಲಿನಿಂದಲೂ ಸ್ವಲ್ಪ ವೀಕ್. ಅಕ್ಕನಿಗೆ ಇದಾವುದೂ ಬೇಡ. ಯಾರು ಗೆದ್ದರು ಎನ್ನುವುದೂ ಬೇಡ. ಹೀರೋ ಬಾವುಟ ಹಿಡಿದು ಭಾಷಣ ಶುರು ಮಾಡಿದರೆ ಅಡಿಗೆ ಮನೆಗೆ ಹೋಗಿ ಚಹಾಕ್ಕೆ ಇಡುತ್ತಾಳೆ.

“ಅದರಾಗ ಸಾಯೋರಿಗೂ ಮಾತಾಡಾಕ ಟೈಮ್ ಕೊಡ್ತಾರ, ಕಾನ್ವೆಂಟ್,” ಅಂದಳು ಒಮ್ಮೆ. “ಗುಂಡು ಎದಿಯಾಗ ಹೊಕ್ಕಿರ್ತದ, ಆದ್ರೂ ಅವ್ವಗ ಹಿಂಗ ಹೇಳು, ಹೆಂಡ್ತಿಗಿ ಹಂಗ ಹೇಳು ಅಂತಾನ. ನಮ್ಮನಿಯವರಿಗಿ ಒಂದ್ ಗುಂಡೂ ತಾಗಿಲ್ಲ. ಬಾಯಾಗ ಮಾತೇ ಇಲ್ಲ.”

ಇಲ್ಲಿ ಭಾವನ ವಿಷಯ ಹೇಳಲೇಬೇಕು. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದವರು. ಮದುವೆಗೆಂದು ಬಂದವರು ರಜೆ ಮುಗಿಯುವ ತನಕ ಎಷ್ಟು ಮಾತಾಡುತ್ತಿದ್ದರೆಂದರೆ, ‘ಇನ್ನರ ಮಲಗ್ರೋ’ ಎಂದು ಅವರ ತಾಯಿ ಆಚೆಯಿಂದ ಗೋಡೆ ಬಡಿಯುತ್ತಿದ್ದರಂತೆ. ರಜೆ ಮುಗಿಯಿತು, ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಕೈಕಾಲು ನೆಟ್ಟಗೆ ಇಟ್ಟುಕೊಂಡೇ ವಾಪಸು ಬಂದರು, ಮಾತೊಂದನ್ನು ಮಾತ್ರ ಅಲ್ಲೇ ಎಲ್ಲೋ ಇಳಿಸಿ ಬಂದಿದ್ದರು. ಆಮೇಲೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆದರು. ಮಕ್ಕಳಾದರು, ಮಕ್ಕಳ ಮದುವೆಗಳಾದವು. ‘ಹೂಂ’, ‘ನೀಡು’, ‘ಬರ್ತೀನಿ’, ಇಷ್ಟರಲ್ಲೇ ಇಡೀ ಸಂಸಾರ ಸಾಗಿತು. ನನ್ನ ಯಜಮಾನರಾದರೋ ನಿದ್ದೆಯಲ್ಲೂ ಮಾತಾಡುತ್ತಿದ್ದರು. ಅವರು ಬಾಯಿ ಮುಚ್ಚಿದ್ದು ತೀರಿಕೊಂಡ ದಿನವೇ. ದೇವರ ಹಂಚಿಕೆ ನೋಡಿ!

ಭಾವನ ತಾಯಿ ತೀರ್ಪು ಕೊಟ್ಟುಬಿಟ್ಟರು: “ಯುದ್ಧ ಅಲ್ಲ, ಗಿದ್ಧ ಅಲ್ಲ. ನಿನ್ನ ಮಾರಿ ನನ್ನ ಮಗಗ ಸೇರಲಿಲ್ಲ.” ಬೀಗರ ಮುಂದೆ ಹೇಳಿದರು, ಬಳೆಗಾರನ ಮುಂದೆ ಹೇಳಿದರು, ಅಕ್ಕನ ಹೆಣ್ಣುಮಕ್ಕಳ ಮುಂದೆಯೇ ಹೇಳಿದರು. ಹಾಸಿಗೆ ಹಿಡಿದ ಮೇಲೆ ಅಕ್ಕನೇ ಗಂಜಿ ಕುಡಿಸುತ್ತಿದ್ದಳು. ಗಂಜಿ ನುಂಗಿ, ಬಾಯಿ ಒರೆಸಿಸಿಕೊಂಡು, ಮತ್ತೆ ಅದನ್ನೇ ಹೇಳಿದರು.

ಸೋ, ಅಕ್ಕನ ಬದುಕಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಗಂಡನ ಮಾತನ್ನು ಕಸಿದುಕೊಂಡದ್ದು ಯುದ್ಧವೋ, ತನ್ನ ಮುಖವೋ? ನೇರ ಕೇಳುವ ಧೈರ್ಯ ಆಕೆಗೆ ಬರಲಿಲ್ಲ. ಕೇಳಿದ್ದಕ್ಕೆ ‘ನಿನ್ನ ಮಾರಿನೇ’ ಅಂದುಬಿಟ್ಟರೆ? ಅದಕ್ಕೇ ಸಿನೆಮಾಗಳನ್ನು ಸಾಕ್ಷಿಗೆ ಕರೆದಳು. ಮೊದಲು ಟಾಕೀಸು, ಆಮೇಲೆ ಟಿವಿ, ಈಗ ಮಗಳು ಹಾಕಿಸಿಕೊಟ್ಟ ಇಂಟರ್‌ನೆಟ್ಟು. ಭಾವ ಬಾಗಿಲ ಬಳಿಯ ಖುರ್ಚಿಯಲ್ಲಿ ಕೂತಿರುತ್ತಾರೆ. ಪರದೆಯ ಮೇಲೆ ಬಾಂಬು ಬಿದ್ದಾಗೊಮ್ಮೆ ಅಕ್ಕ ತಿರುಗಿ ಕೇಳುತ್ತಾಳೆ.

“ಇದು ಖರೇ ಏನ್ರಿ?”

“ಸುಳ್ಳು.”

ಸೈನಿಕರು ಬೆಂಕಿಯ ಸುತ್ತ ಹಾಡಿದರೆ, “ಇದು?” “ಸುಳ್ಳು.” ಅವರ ವಿಮರ್ಶೆ ಅಷ್ಟೇ! ಆದರೆ ಕೆಲವು ಪಿಕ್ಚರ್‌ಗಳ ನಡುವೆ ಭಾವ ಏನೂ ಅನ್ನದೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ಅಂಥವು ಖರೇ ಎಂಬುದು ಅಕ್ಕನ ಲೆಕ್ಕ, ಆಕೆಯ ಫೇವರಿಟ್‌ಗಳೂ ಅವೇ. ಫೋನಿನಲ್ಲಿ ಆಕೆಯ ಸಂಭ್ರಮ ಕೇಳಬೇಕು ನೀವು: “ಕಾನ್ವೆಂಟ್, ಭಾಳ ಚಲೋ ಪಿಕ್ಚರ್! ಅರ್ಧ ತಾಸಿಗೇ ಎದ್ದು ಹೋದ್ರು!”

ಆಕೆಗೆ ಸಿಟ್ಟು ಬರುವುದು ಕೊನೆಯಲ್ಲಿ. ಸೈನಿಕ ರೈಲಿಳಿಯುತ್ತಾನೆ, ಹೆಂಡತಿ ಓಡಿ ಬಂದು ತಬ್ಬುತ್ತಾಳೆ, ಪಿಟೀಲು ಬಾರಿಸುತ್ತಾರೆ, ಹೆಸರುಗಳು ಮೇಲೇರತೊಡಗುತ್ತವೆ. ರಿಮೋಟು ನೆಲಕ್ಕೆ ಬೀಳುತ್ತದೆ.

“ಮನಿಗಿ ಬಂದ ಕೂಡ್ಲೇ ಮುಗಸ್ತಾರಲ್ಲ ಈ ಮಂದಿ! ನಂದು ಅಲ್ಲಿಂದನೇ ಶುರು ಆತು.”

ಒಂದು ಸಲ ಮಾಣಿಕನಗರದ ಕಡೆ ಯಾರೋ ಸಭೆ ಮಾಡಿ ಭಾವನಿಗೆ ಶಾಲು ಹೊದಿಸಿದರು. ‘ವೈರಿಗಳ ಎದೆ ನಡುಗಿಸಿದ ವೀರ’ ಎಂದು ಮೈಕಿನಲ್ಲಿ ಕೂಗಿದರು. ಪಾಪ, ಇವರು ಲಾರಿಯಲ್ಲಿ ಹೋಗುವಾಗ ರೇಷನ್ನು, ಬರುವಾಗ ಗಾಯಾಳುಗಳನ್ನು ಸಾಗಿಸಿದವರು. ಅಕ್ಕನ ಕೈಗೂ ಮೈಕು ಕೊಟ್ಟು, ಎರಡು ಮಾತಾಡಿ ಎಂದರು.

“ಅವರ ಕಡಿಂದ ಆಡಸ್ರಿ ಎರಡು ಮಾತು,” ಅಂದಳು. “ನಾನೂ ಕೇಳತೀನಿ.”

ಜನ ಬಿದ್ದು ಬಿದ್ದು ನಕ್ಕರು. ಭಾವ ಎದ್ದು ಕೈ ಮುಗಿದು ಕುಳಿತುಬಿಟ್ಟರು. ‘ಎಂಥ ವಿನಯ!’ ಎಂದು ಚಪ್ಪಾಳೆ ಬೇರೆ. ವಿನಯವಂತೆ! ಆ ವಿನಯದ ಜೊತೆ ಒಂದು ವಾರ ಇದ್ದು ನೋಡಲಿ.

ಕಳೆದ ತಿಂಗಳು ಹೋದಾಗ ನಾನೇ ಹುಡುಕಿ ಒಂದು ಇಂಗ್ಲಿಷ್ ಪಿಕ್ಚರ್ ಹಚ್ಚಿದೆ. ಸೈನಿಕ ಊರಿಗೆ ಬರುವುದರಿಂದಲೇ ಅದು ಶುರು. ಒಂದು ಗುಂಡಿನ ಸದ್ದಿಲ್ಲ. ಗಂಡ ಊಟದ ಟೇಬಲ್ಲಿನಲ್ಲಿ ತಟ್ಟೆ ನೋಡುತ್ತ ಕೂತಿದ್ದಾನೆ, ಹೆಂಡತಿ ಬಡಿಸುತ್ತಾಳೆ, ಏನೇನೋ ಕೇಳುತ್ತಾಳೆ, ಅವನಿಂದ ಉತ್ತರವಿಲ್ಲ. ಚುರುಮುರಿಗೆ ಹೋದ ಅಕ್ಕನ ಕೈ ಬುಟ್ಟಿಯಲ್ಲೇ ನಿಂತಿತು. ‘ಖರೇ ಏನ್ರಿ’ ಎಂದು ಅಂದು ಆಕೆ ತಿರುಗಲೇ ಇಲ್ಲ. ಭಾವ ಎದ್ದು ಹೋಗುತ್ತಾರೆಂದು ನಾನು ಕಾದೆ. ಖುರ್ಚಿ ಅಲುಗಲಿಲ್ಲ.

ಪಿಕ್ಚರಿನ ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಏನೋ ಕೇಳಿದಳು.

“ಏನಂದ್ಲು ಆಕಿ?”

ನಾನು ರಿಮೋಟು ಎತ್ತಿ ವಾಲ್ಯೂಮ್ ಕಡಿಮೆ ಮಾಡಿದೆ.

“ಏ ಕಾನ್ವೆಂಟ್, ಏನಂದ್ಲು?”

“ನನ್ನಿಂದ ಹಿಂಗಾತೇನು ಅಂತ ಕೇಳಾಕತ್ತಾಳ, ಅಕ್ಕಾ.”

ಪರದೆಯ ಮೇಲಿನ ಗಂಡ ತಟ್ಟೆಯನ್ನೇ ನೋಡುತ್ತಿದ್ದ. ನಮ್ಮ ಬೆನ್ನ ಹಿಂದಿನಿಂದ, ಬಾಗಿಲ ಕಡೆಯಿಂದ, ದನಿ ಬಂತು.

“ಅಲ್ಲ.”

ಕೆಮ್ಮಿ, ಮತ್ತೊಮ್ಮೆ: “ಆಕಿಂದ ಅಲ್ಲ.”

ಅಕ್ಕ ತಿರುಗಿ ನೋಡಲಿಲ್ಲ. ಟಿವಿಯನ್ನೇ ನೋಡುತ್ತ ಹೇಳಿದಳು:

“ನಿಮ್ಮವ್ವ ಇದ್ದಾಗ ಅನ್ನಬೇಕಿತ್ತರಿ ಇದನ್ನ.”

“ಹೂಂ,” ಎಂದರು ಭಾವ.

ಆಮೇಲೆ ಅಕ್ಕ ನೋಯುವ ಕಾಲುಗಳನ್ನು ಎರಡೂ ಕೈಯಿಂದ ಎತ್ತಿ ಈಚೆ ಸರಿಸಿ, ಮಂಚದ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಭಾವ ಎದ್ದು ಬಂದು ಅಲ್ಲಿ ಕುಳಿತರು. ಮುಂದಿನ ಡೈಲಾಗುಗಳನ್ನು ನಾನು ಕನ್ನಡಕ್ಕೆ ತರಲಿಲ್ಲ. ಯಾರೂ ಕೇಳಲೂ ಇಲ್ಲ.