ಊದಿದ ಕಣ್ಣಿನ ಮರ್ಯಾದೆ

ಮುಖದ ಉಳಿದೆಲ್ಲ ಅಂಗಗಳಿಗೂ ಸುಳ್ಳು ಹೇಳುವುದನ್ನು ಕಲಿಸಬಹುದು, ಕಣ್ಣಿನ ಕೆಳಗಿನ ಚೀಲಗಳಿಗೆ ಮಾತ್ರ ಕಲಿಸಲಾಗದು ಎಂದು ನಾನು ಬಹುಕಾಲ ನಂಬಿದ್ದೆ. ನನ್ನವು ಬೆಳಗಿನ ಹೊತ್ತು ಉಬ್ಬಿದ ಪೂರಿಗಳಂತಿರುತ್ತವೆ. ಹತ್ತು ಗಂಟೆಯ ತರಗತಿಯ ವೇಳೆಗೆ ತಣಿದ ಪೂರಿಗಳಾಗುತ್ತವೆಯೇ ಹೊರತು ಚಪಾತಿಗಳಾಗುವುದಿಲ್ಲ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವವನು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ. ಆದ್ದರಿಂದ ನಾಲ್ಕು ಜನರ ಮುಂದೆ ನಿಲ್ಲಬೇಕಾದಾಗ ಅಂಗಿಯ ಗುಂಡಿಯಿಂದ ಹಿಡಿದು ಕ್ರಿಯಾಪದದವರೆಗೆ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿಕೊಳ್ಳುವ ಅಭ್ಯಾಸ ನನಗಿದೆ. ಈ ಪರೀಕ್ಷೆಯಲ್ಲಿ ಕಣ್ಣುಗಳು ಮಾತ್ರ ಸದಾ ಅನುತ್ತೀರ್ಣ.

ಭದ್ರಾವತಿಯಿಂದ ಅಪ್ಪನ ಫೋನು ಬರುವವರೆಗೂ ನಾನು ಇದನ್ನು ಸಹಿಸಿಕೊಂಡೇ ಇದ್ದೆ. ಅಪ್ಪ ಅಲ್ಲಿನ ಕಾರ್ಖಾನೆಯೊಂದರ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ನಾನು ಬೆಳೆದ ಕಾರ್ಮಿಕರ ಸಾಲುಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳಿಗೆ ಮುಂದಿನ ಭಾನುವಾರ ಬೆಳಿಗ್ಗೆ ಸನ್ಮಾನವಂತೆ, ನಾನೇ ಮುಖ್ಯ ಅತಿಥಿಯಂತೆ. "ನಿನ್ನನ್ನ ನೋಡಿ ಮಕ್ಕಳು ಕಲೀಬೇಕು ಅಂತ ಎಲ್ರೂ ಹೇಳ್ತಿದಾರೆ ಕಣೋ. ತಪ್ಪಿಸ್ಬೇಡ" ಎಂದರು. 'ನೋಡಿ' ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಬೆರಳು ತಾನಾಗಿ ಕಣ್ಣಿನ ಕೆಳಗಿನ ಚೀಲಕ್ಕೆ ಹೋಯಿತು. ಏಕೆಂದರೆ ನನಗೆ ನೆನಪಿರುವಂತೆ ಆ ಸಾಲುಮನೆಗಳಲ್ಲಿ ಗಂಡಸಿನ ಊದಿದ ಕಣ್ಣಿಗೆ ಒಂದೇ ಅರ್ಥವಿತ್ತು. ಬೆಳಿಗ್ಗೆ ನಲ್ಲಿಯ ಬಳಿ ಕೊಡ ಹಿಡಿದು ನಿಂತ ಹೆಂಗಸರು, ಹಲ್ಲುಜ್ಜಲು ಬಂದವರ ಕಣ್ಣು ನೋಡಿಯೇ ಹಿಂದಿನ ದಿನ ಯಾರು ಎಷ್ಟು ಕುಡಿದಿದ್ದರೆಂದು ತೀರ್ಪು ಕೊಡುತ್ತಿದ್ದರು. ಗೋಲಿ ಸೋಡಾ ಕುಡಿಯಲೂ ಹಿಂದೆಮುಂದೆ ನೋಡುವ ನಾನು ಈ ಕಣ್ಣುಗಳನ್ನು ಹೊತ್ತು ಆ ನ್ಯಾಯಪೀಠದ ಮುಂದೆ ನಿಂತರೆ ಅಪ್ಪನ ಮಾನದ ಗತಿಯೇನು?

ಆ ಸಂಜೆಯೇ ಕೋಟೆಯ ಹತ್ತಿರ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಮುಖವನ್ನು ಒಮ್ಮೆ ನೋಡಿ, ನಾನು ಬಾಯಿ ತೆರೆಯುವ ಮೊದಲೇ ಒಂದು ಶೀಶೆಯನ್ನು ಮುಂದಿಟ್ಟರು. "ನಂದಿಬಟ್ಟಲು, ಗುಲಾಬಿ, ಲೋಳೆಸರ ಎಲ್ಲಾ ಇದೆ ಸಾರ್ ಇದ್ರಲ್ಲಿ. ಒಂದು ವಾರ ಹಚ್ಚಿ, ಊರೋರಿಗೆ ನಿಮ್ಮ ಗುರುತೇ ಸಿಗಲ್ಲ."

"ಗುರುತು ಸಿಗುವಷ್ಟಾದರೂ ಉಳಿದರೆ ಅನುಕೂಲ" ಎಂದು ನಾನು ಗಂಭೀರವಾಗಿಯೇ ಹೇಳಿದೆ.

ಶೀಶೆಯ ಜೊತೆಗಿದ್ದ ಚೀಟಿಯನ್ನು ಮೂರು ಬಾರಿ ಓದಿದೆ. ಹತ್ತಿಯನ್ನು ದ್ರವದಲ್ಲಿ ಅದ್ದಿ, ಮುಚ್ಚಿದ ರೆಪ್ಪೆಗಳ ಮೇಲಿಟ್ಟುಕೊಂಡು, ಹದಿನೈದು ನಿಮಿಷ ನಿಶ್ಚಿಂತೆಯಿಂದ ಮಲಗತಕ್ಕದ್ದು. ಹತ್ತಿ, ದ್ರವ, ರೆಪ್ಪೆ ಮೂರೂ ಮನೆಯಲ್ಲಿದ್ದವು, ನಿಶ್ಚಿಂತೆಯೊಂದು ಇರಲಿಲ್ಲ. ಕಾಲೇಜಿನಿಂದ ಬಂದು ಮಲಗಿದೊಡನೆ, ನಾನು ಸಾಕಷ್ಟು ನಿಶ್ಚಿಂತನಾಗಿದ್ದೇನೆಯೇ ಎಂಬ ಚಿಂತೆ ಶುರುವಾಗುತ್ತಿತ್ತು. ಕೊನೆಗೆ ಹೆಂಡತಿಯನ್ನು ಕೂಗಿ, "ಸುಜಾತಾ, ಸರಿಯಾಗಿ ಮಲಗಿದ್ದೀನಾ, ಸ್ವಲ್ಪ ನೋಡು" ಎಂದೆ. ಅವಳು ಬಾಗಿಲಲ್ಲಿ ನಿಂತು, "ಮಲಗೋದಕ್ಕೂ ಇನ್ಸ್‌ಪೆಕ್ಷನ್ ಬೇಕಾ ಮಾರಾಯ್ರೇ? ಹುಬ್ಬು ಗಂಟಾಗಿದೆ, ಬಿಡಿಸ್ಕೊಳ್ಳಿ" ಎಂದಳು. ಬಿಡಿಸಿಕೊಂಡೆ. ಹುಬ್ಬಿನ ಗಂಟು ಹಣೆಗೆ ಹೋಯಿತು. ಆದರೂ ಆ ತಂಪು ನಿಜವಾದದ್ದು. ಬಿಸಿಲಿನಿಂದ ಬಂದು ಮಡಕೆಗೆ ಕೆನ್ನೆಯೊತ್ತಿದಂತೆ ಹಿತವಾಗುತ್ತಿತ್ತು. ಶನಿವಾರದ ಹೊತ್ತಿಗೆ ಚೀಲಗಳು ಇಳಿದೇಬಿಟ್ಟವು. "ಮದುವೆ ಫೋಟೋದಲ್ಲೂ ನೀವು ಹೀಗಿರ್ಲಿಲ್ಲ ಕಣ್ರೀ" ಎಂದು ಸುಜಾತಾ ದೂರೋ ಹೊಗಳಿಕೆಯೋ ತಿಳಿಯದ ದನಿಯಲ್ಲಿ ಹೇಳಿದಳು.

ಭಾನುವಾರ ಭದ್ರಾವತಿಯ ಶಾಮಿಯಾನದಡಿ, ಇಸ್ತ್ರಿಯ ಅಂಗಿಯಲ್ಲಿ, ನಯವಾದ ಕಣ್ಣುಗಳೊಡನೆ ಕುಳಿತೆ. ನಲ್ಲಿಯ ನ್ಯಾಯಪೀಠವೆಲ್ಲ ಮುಂದಿನ ಸಾಲಿನಲ್ಲಿತ್ತು. ನಡುವೆ ನಮ್ಮ ಪಕ್ಕದ ಮನೆಯ ಸೆಲ್ವಮ್ಮ. ಯಾವ ತೀರ್ಪಿಗೂ ನಾನು ಸಿದ್ಧನಾಗಿದ್ದೆ. ಅಪ್ಪ ನನ್ನನ್ನು ಪರಿಚಯಿಸಲು ಮೈಕ್ ಹಿಡಿದರು. ಮಕ್ಕಳ ಕಡೆಗೇ ಮುಖಮಾಡಿ, ನನ್ನತ್ತ ಬೆರಳು ತೋರಿಸಿ, "ಇಲ್ನೋಡಿ ಮಕ್ಕಳೇ, ಇವನ ಕಣ್ಣು ನೋಡಿ. ಓದಿ ಓದಿ ಹೆಂಗೆ ಊದ್ಕೊಂಡಿದಾವೆ! ಇಪ್ಪತ್ತು ವರ್ಷ ಆಯ್ತು, ಇನ್ನೂ ಇಳ್ದಿಲ್ಲ. ಓದೋದು ಅಂದ್ರೆ ಹಿಂಗೆ!" ಎಂದು ಘೋಷಿಸಿದರು.

ಸಭೆಯೆಲ್ಲ ನನ್ನ ಕಣ್ಣುಗಳನ್ನು ನೋಡಿತು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಸೆಲ್ವಮ್ಮ ಎದ್ದು ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಎಲ್ಲಿ ಊದಿದೆ? ಏನ್ ತಂಬಿ, ಓದೋದು ಬಿಟ್ಬಿಟ್ಯಾ? ನಿನ್ ಕಣ್ಣಿನ ಕಥೆ ಹೇಳಿ ಹೇಳಿ ನನ್ ಮೊಮ್ಮಗಳನ್ನ ಓದಿಸ್ದೆ ನಾನು!"

ಬೆಳಿಗ್ಗೆಯಿಂದ ಸಭೆಯ ಓಡಾಟದಲ್ಲೇ ಇದ್ದ ಅಪ್ಪ ಆಗಷ್ಟೇ ತಿರುಗಿ ನನ್ನ ಮುಖವನ್ನು ಸರಿಯಾಗಿ ನೋಡಿದರು. ಅಂಕಪಟ್ಟಿಯಲ್ಲಿ ಕೆಂಪು ಗೆರೆ ಕಂಡ ತಂದೆಯ ಮುಖವದು. "ಏನೋ ಮಾಡ್ಕೊಂಡೆ ಕಣ್ಣಿಗೆ?"

"ಗಿಡಮೂಲಿಕೆಯ ದ್ರವವನ್ನು ಲೇಪಿಸಿಕೊಂಡೆ ಅಪ್ಪಾ" ಎಂದೆ. ಅವರ ಕೈಯಲ್ಲಿದ್ದ ಮೈಕ್ ಈ ಶುದ್ಧ ವಾಕ್ಯವನ್ನು ಇಡೀ ಬಡಾವಣೆಗೆ ಮುಟ್ಟಿಸಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ನಾನು ಕಾಪಾಡಲು ಹೊರಟ ಮಾನವನ್ನು ನನ್ನ ಕೈಯಾರೆ, ಹದಿನೈದು ಹದಿನೈದು ನಿಮಿಷಗಳಂತೆ, ಒರೆಸಿ ಹಾಕಿದ್ದೆ.

ಕಾಪಾಡಿದವಳು ಸೆಲ್ವಮ್ಮನ ಮೊಮ್ಮಗಳು ರೇವತಿ. ಅತಿ ಹೆಚ್ಚು ಅಂಕ ಪಡೆದವಳೆಂದು ಅವಳನ್ನೇ ಮೊದಲು ಕರೆದರು. ವೇದಿಕೆ ಹತ್ತಿದ ಹುಡುಗಿಯ ಕಣ್ಣುಗಳು ಬಿಸಿ ಬಿಸಿ ಪೂರಿಗಳು! "ಇದು ನೋಡಿ ಕಣ್ಣು ಅಂದ್ರೆ! ನನ್ನ ಮಗಂದೂ ಹಿಂಗೇ ಇತ್ತು" ಎಂದು ಅಪ್ಪ ಜೀವ ಬಂದವರಂತೆ ಕೂಗಿದರು, ಚಪ್ಪಾಳೆ ಬಿತ್ತು. ಹಾರ ಹಾಕುವಾಗ ನಾನು ಮೆಲ್ಲಗೆ, "ತುಂಬಾ ಓದ್ತೀಯೇನಮ್ಮ?" ಎಂದು ಕೇಳಿದೆ.

"ಇಲ್ಲ ಸಾರ್. ಪಾಠ ಸ್ಕೂಲಲ್ಲೇ ಕೇಳ್ಕೊಂಡಿರ್ತೀನಿ. ಮನೇಲಿ ಪುಸ್ತಕ ಬಿಡಿಸಿದ್ರೆ ನಿದ್ದೆ ಬಂದ್ಬಿಡುತ್ತೆ, ಅದ್ರ ಮೇಲೇ ಮುಖ ಇಟ್ಟು ಮಲಗ್ತೀನಿ. ಅಜ್ಜಿಗೆ ಹೇಳ್ಬೇಡಿ ಸಾರ್."

"ಹೇಳಲ್ಲಮ್ಮ" ಎಂದೆ. ಇಪ್ಪತ್ತು ವರ್ಷಗಳಿಂದ ನನ್ನದನ್ನೇ ನಾನು ಅಪ್ಪನಿಗೆ ಹೇಳಿಲ್ಲ. ಕಣ್ಣಿನ ಚೀಲಗಳು ಸುಳ್ಳು ಹೇಳಲಾರವು ಎಂಬ ನಂಬಿಕೆಯನ್ನು ನಾನೇಕೆ ಕೈಬಿಟ್ಟೆನೆಂದು ಈಗ ಓದುಗರಿಗೆ ತಿಳಿದಿರಬೇಕು.

ಬಸ್ಸು ಹತ್ತಿಸುವಾಗ ಅಪ್ಪ, "ಮುಂದಿನ ವರ್ಷನೂ ನೀನೇ ಬರ್ಬೇಕಂತೆ. ಅದನ್ನ ಮಾತ್ರ ಹಚ್ಕೊಂಡು ಬರ್ಬೇಡ" ಎಂದರು. ಶೀಶೆ ಈಗ ಕಪಾಟಿನ ಮೇಲಿದೆ. ಊಟವಾದ ಮೇಲೆ ದಪ್ಪನೆಯದೊಂದು ಲೆಕ್ಕಪರಿಶೋಧನೆಯ ಪುಸ್ತಕ ಬಿಡಿಸಿ, ಅದರ ಮೇಲೆ ಮುಖವಿಟ್ಟು ಹಳೆಯ ವಿದ್ಯಾಭ್ಯಾಸವನ್ನು ಮುಂದುವರಿಸಿದ್ದೇನೆ. ಮೊನ್ನೆ ಸುಜಾತಾ ಇನ್ಸ್‌ಪೆಕ್ಷನ್‌ಗೆ ಬಂದಿದ್ದಳಂತೆ. ಹುಬ್ಬಿನಲ್ಲಿ ಒಂದು ಗಂಟೂ ಇರಲಿಲ್ಲವಂತೆ.