ಲಗೋರಿಗೊಂದು ನಿಯಮಾವಳಿ

ವಯಸ್ಸಾಗುವುದು ಬೇರೆ, ಅಂಕಲ್ ಆಗುವುದು ಬೇರೆ. ಮೊದಲನೆಯದನ್ನು ಯಾರೂ ತಡೆಯಲಾರರು. ಎರಡನೆಯದು ನನ್ನ ಹತ್ತಿರವೂ ಸುಳಿಯದು ಎಂಬ ಧೈರ್ಯ ನನಗಿತ್ತು. ಮೂವತ್ತೊಂದು ವರ್ಷ, ತಲೆಯಲ್ಲಿ ಸಾಕಷ್ಟು ಕೂದಲು, ಗಂಟಲಲ್ಲಿ ಕಂಡವರೆಲ್ಲರ ದನಿ. ಜರ್ಮನಿಯ ಈ ಕಾರ್ಲ್ಸ್‌ರುಹೆ ಊರಿನ ಕನ್ನಡಿಗರಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ನಮ್ಮ ಮ್ಯಾನೇಜರ್ ಸೀನುವುದಕ್ಕೂ ಮುಂಚೆ ಕ್ಷಮೆ ಕೇಳುವುದು, ಟ್ರಾಮಿನ ಧ್ವನಿವರ್ಧಕದ ಹೆಂಗಸು ನಿಲ್ದಾಣದ ಹೆಸರನ್ನು ಸಂತಾಪ ಸೂಚಿಸುವಂತೆ ಹೇಳುವುದು, ಎಲ್ಲವೂ ನನ್ನ ಸಂಗ್ರಹದಲ್ಲಿದೆ.

ಅತಿ ಹೆಚ್ಚು ಸರಕು ಒದಗಿಸುವವನು ಗೆಳೆಯ ಪ್ರಸನ್ನ. ಮೈಸೂರಿನಲ್ಲಿ ನನ್ನ ಜೊತೆ ಹಾಸ್ಟೆಲ್ ಗೋಡೆ ಹಾರಿದವನು ಇಲ್ಲಿಗೆ ಬಂದ ಐದೇ ವರ್ಷದಲ್ಲಿ ಚಳಿಗಾಲದ ಟೈರು, ಪಿಂಚಣಿ ಮತ್ತು ಕಸ ವಿಂಗಡಣೆ ಬಿಟ್ಟು ಬೇರೆ ವಿಷಯ ಎತ್ತದವನಾಗಿದ್ದಾನೆ. ಮೊಸರಿನ ಡಬ್ಬಿಯ ಮುಚ್ಚಳ ಯಾವ ಬುಟ್ಟಿಗೆ ಹೋಗಬೇಕೆಂದು ಅವನು ವಿವರಿಸುವುದನ್ನು ನಾನು ಮಾಡಿ ತೋರಿಸಿದರೆ ಜನ ಕಣ್ಣೊರೆಸಿಕೊಳ್ಳುತ್ತಾರೆ.

ಹೀಗಿರುವಾಗ ಒಂದು ಸಂಜೆ ಹೆಂಡತಿ ಸಿಂಚನಾ ಸಾರಿಗೆ ಒಗ್ಗರಣೆ ಹಾಕುತ್ತ ತಣ್ಣಗೆ ಹೇಳಿದಳು.

"ನೀನೂ ಪ್ರಸನ್ನನ ಥರ ಆಗೋಗಿದೀಯ ಕಣೋ. ನಿನ್ನಿಂದ ನಾನು ಲಾಸ್ಟ್ ನಕ್ಕಿದ್ದು ಯಾವಾಗ, ನೆನಪಿದ್ಯಾ?"

ಪಾತ್ರೆ ತೊಳೆಯುವ ಮೆಷಿನ್ನಿನಲ್ಲಿ ಅವಳು ಅಡ್ಡಾದಿಡ್ಡಿ ಇಟ್ಟಿದ್ದ ತಟ್ಟೆಗಳನ್ನು ಗಾತ್ರಕ್ಕನುಸಾರವಾಗಿ ಜೋಡಿಸುತ್ತಲೇ ನಾನು ನೆನಪಿಸಿಕೊಳ್ಳತೊಡಗಿದೆ. ಅವಳು ತಟ್ಟೆಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಸಾಕ್ಷ್ಯ ಬಲವಾಗಿತ್ತು.

ಇದು ಸಣ್ಣ ಆರೋಪವಲ್ಲ. ನಾನು ನಗಿಸುತ್ತೇನೆಂದೇ ಅವಳು ನನ್ನನ್ನು ಮದುವೆಯಾದದ್ದು; ಮುಖ ನೋಡಿ ಅಲ್ಲ ಎಂಬುದನ್ನು ಅವಳೇ ಹಲವು ಬಾರಿ ಸ್ಪಷ್ಟಪಡಿಸಿದ್ದಾಳೆ. ಆ ಒಂದು ಅರ್ಹತೆಯೂ ಹೋದರೆ ಮನೆಯಲ್ಲಿ ನನ್ನ ಹುದ್ದೆ ಏನು? ತಟ್ಟೆ ಜೋಡಿಸುವವನು! ಮರ್ಯಾದೆ ಉಳಿಸಿಕೊಳ್ಳಲು ಅಲ್ಲೇ ಘೋಷಿಸಿದೆ: ಮುಂದಿನ ಭಾನುವಾರ ಪಾರ್ಕಿನಲ್ಲಿ ಲಗೋರಿ. ಏಳು ಕಲ್ಲು, ಒಂದು ಚೆಂಡು, ಹತ್ತು ಜನ. ಇದರಲ್ಲಿ ಕೆಡುವುದಕ್ಕೆ ಏನಿದೆ?

ವಾಟ್ಸಾಪ್ ಗುಂಪು ಮಾಡಿದ ಎರಡು ನಿಮಿಷಕ್ಕೆ ಪ್ರಸನ್ನನ ಪ್ರಶ್ನೆಗಳು ಬಂದವು. ಚೆಂಡು ದಾರಿಹೋಕರ ಕನ್ನಡಕಕ್ಕೆ ಬಡಿದರೆ ಯಾರ ವಿಮೆ? ಪಾರ್ಕಿನಲ್ಲಿ ಆಡಲು ಅನುಮತಿ ಪಡೆದಾಗಿದೆಯೇ? ಅವನ್ನು ಅವನದೇ ಮೂಗಿನ ದನಿಯಲ್ಲಿ ಸಿಂಚನಾಳಿಗೆ ಓದಿ ಹೇಳಿದೆ. ಆಮೇಲೆ ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಗರದ ಉದ್ಯಾನ ಕಚೇರಿಗೆ ಫೋನ್ ಮಾಡಿದೆ.

ಫೋನೆತ್ತಿದ ಮಹಿಳೆ ಆಡಿಕೊಳ್ಳಿ ಎಂದರು. ಹತ್ತು ಜನ ಇದ್ದೇವೆ ಎಂದೆ. ಆಡಿಕೊಳ್ಳಿ ಎಂದರು. ಕಲ್ಲುಗಳಿವೆ, ಒಂದರ ಮೇಲೊಂದು ಇಡುತ್ತೇವೆ, ನಾವೇ ಬೀಳಿಸುತ್ತೇವೆ ಎಂದೆ. ತುಸು ತಡೆದು, ಅದಕ್ಕೂ ಅನುಮತಿ ಬೇಡ ಎಂದರು.

ನನಗೆ ಬೆವರು ಬಂತು. ಈ ದೇಶಕ್ಕೆ ಬಂದಾಗಿನಿಂದ ಪ್ರತಿಯೊಂದಕ್ಕೂ ಕಾಗದ ಕೊಟ್ಟು, ಕಾಗದ ಪಡೆದು, ಆ ಕಾಗದ ತಲುಪಿದ್ದಕ್ಕೆ ಇನ್ನೊಂದು ಕಾಗದ ಪಡೆದು ಬದುಕಿದವನು ನಾನು. ಏನೂ ಬೇಡ ಎಂದರೆ ನಂಬುವುದು ಹೇಗೆ? ಅನುಮತಿ ಬೇಕಿಲ್ಲ ಎಂಬುದನ್ನೇ ದಯವಿಟ್ಟು ಒಂದು ಪತ್ರದಲ್ಲಿ ಕೊಡಿ ಎಂದು ಬೇಡಿಕೊಂಡೆ. ನೀವೇನಾದರೂ ನೋಂದಾಯಿತ ಫೆರೈನ್, ಅಂದರೆ ಸಂಘ, ಆಗಿದ್ದರೆ ಬರೆದು ಕೇಳಿ, ನೋಡೋಣ ಎಂದು ಆಕೆ ಫೋನಿಟ್ಟರು. ಅದು ನನ್ನನ್ನು ಸಾಗಹಾಕಿದ ಮಾತು ಎಂದು ಎಳೆಮಗುವಿಗೂ ತಿಳಿಯುತ್ತಿತ್ತು. ನನಗೆ ಮಾತ್ರ ದಾರಿ ಕಂಡಿತು.

ಇಲ್ಲಿ ಸಂಘ ನೋಂದಾಯಿಸಲು ಏಳು ಜನ ಸಾಕು. ಲಗೋರಿಗೂ ಏಳೇ ಕಲ್ಲು! ಇದನ್ನು ದೈವಸಂಕೇತವೆಂದು ಭಾವಿಸಿ ನಾಲ್ಕು ಸಂಜೆ ಕೂತು ಇಪ್ಪತ್ತೆರಡು ಕಲಮುಗಳ ನಿಯಮಾವಳಿ ಬರೆದೆ. ಸಂಘದ ಉದ್ದೇಶ: ಸದಸ್ಯರಲ್ಲಿ ಹುಡುಗಾಟಿಕೆಯನ್ನು ಹಂತ ಹಂತವಾಗಿ ಪುನಃಸ್ಥಾಪಿಸುವುದು. ಸಿಂಚನಾ ಸಿನಿಮಾಕ್ಕೆ ಕರೆದಾಗ, ತಮಾಷೆಯ ಕೆಲಸ ನಡೀತಿದೆ, ಡಿಸ್ಟರ್ಬ್ ಮಾಡಬೇಡ ಎಂದು ಗದರಿದೆ.

ಭಾನುವಾರ ಎಲ್ಲರೂ ಸೇರಿದರು. ಕಲ್ಲು ತರುವ ಹೊಣೆ ಹುಬ್ಬಳ್ಳಿಯ ಇಮ್ತಿಯಾಜನದು. ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿರುವ ಅವನು ಕಲ್ಲಿನ ಬದಲು ಮರದ ಏಳು ಬಿಲ್ಲೆಗಳನ್ನು ಕೊರೆಸಿ, ಅಳತೆಯ ನಕ್ಷೆಯ ಸಮೇತ ತಂದಿದ್ದ.

"ಎಲ್ಲಾ ಸಮಾ ಇರ್ಬೇಕಲೇ ದೋಸ್ತ. ಇಲ್ಲಾಂದ್ರ ಚೆಂಡಿಗೆ ಬಿತ್ತೋ ಗಾಳಿಗೆ ಬಿತ್ತೋ ಹೆಂಗ್ ಗೊತ್ತಾಗ್ತದ?"

ಈ ಪ್ರಶ್ನೆ ನನ್ನ ನಿಯಮಾವಳಿಯಲ್ಲಿ ಇರಲಿಲ್ಲ. ನಾಚಿಕೆಯಾಯಿತು. ಕೂಡಲೇ ಚಾಪೆ ಹಾಸಿ ಸ್ಥಾಪನಾ ಸಭೆ ಕರೆದೆ. ನಾನು ಅವಿರೋಧವಾಗಿ ಅಧ್ಯಕ್ಷನಾದೆ, ಪ್ರಸನ್ನ ಕಾರ್ಯದರ್ಶಿಯಾದ. ಕಲಮುಗಳನ್ನು ಒಂದೊಂದಾಗಿ ಓದತೊಡಗಿದೆ. ಗಾಳಿಯ ವಿಚಾರಕ್ಕೆ ಉಪಸಮಿತಿ ರಚನೆಯಾಯಿತು. ಒಂಬತ್ತನೆಯ ಕಲಮಿಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದು, ಉಪ್ಪಿಟ್ಟು ತಣ್ಣಗಾಗಿ, ಒಬ್ಬ ಸದಸ್ಯ ಮಲಗಿದ್ದ.

ಆಗ ಹಿಂದಿನಿಂದ ದಡಬಡ ಸದ್ದು, ಕೇಕೆ. ತಿರುಗಿ ನೋಡಿದರೆ ಸಿಂಚನಾ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದಾಳೆ! ಉಳಿದ ಹೆಂಗಸರು ಅವಳ ಹಿಂದೆ. ಚೆಂಡು ಹಿಡಿದು ಗುರಿಯಿಡುತ್ತಿದ್ದವರು ನಮ್ಮ ಮೇಲಿನ ಮಹಡಿಯ ಫ್ರಾವ್ ಕ್ಲೈನ್. ಎಪ್ಪತ್ತು ದಾಟಿದ ಹೆಂಗಸು, ಭಾನುವಾರ ನಾನು ಗೋಡೆಗೆ ಮೊಳೆ ಹೊಡೆದರೆ ರಜಾದಿನ ಸದ್ದು ಮಾಡಬಾರದೆಂದು ಗದರಲು ಕೆಳಗಿಳಿದು ಬರುವವರು. ಸಿಂಚನಾ ಅವರನ್ನೂ ಕರೆತಂದಿದ್ದಳು. ಮರದ ಬಿಲ್ಲೆಗಳು ಹುಲ್ಲಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು.

ನಾನು ಕಾಗದ ಹಿಡಿದು ಅಲ್ಲಿಗೆ ಧಾವಿಸಿದೆ. ಹದಿನಾಲ್ಕನೆಯ ಕಲಮು ಅಂಗೀಕಾರವಾಗುವ ತನಕ ಯಾವುದೇ ಆಟ ಅನಧಿಕೃತ ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಜರ್ಮನ್ ಭಾಷೆಯಲ್ಲಿ ತಿಳಿಸಿದೆ. ಫ್ರಾವ್ ಕ್ಲೈನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚೆಂಡನ್ನು ನನ್ನ ಬೆನ್ನಿಗೆ ಬೀಸಿದರು. ಗುರಿ ಅದ್ಭುತ. ಔಟಾದವನು ನಾನೆಂದು ಎಲ್ಲರೂ ಕೂಗಿದರು. ಸಭೆ ಬರ್ಖಾಸ್ತಾಗಿ, ಅಧ್ಯಕ್ಷನನ್ನು ಬಿಟ್ಟು ಕಾರ್ಯದರ್ಶಿಯೂ ಆಡಲು ಓಡಿದ.

ಆಡಿ ಸುಸ್ತಾಗಿ ಎಲ್ಲರೂ ಚಹಾಕ್ಕೆ ಕೂತಾಗ ಸಿಂಚನಾ ಎದ್ದು ನಿಂತಳು. ಜೀವಮಾನದಲ್ಲಿ ಯಾರನ್ನೂ ಅಣಕಿಸದವಳು ಖಾಲಿ ತಟ್ಟೆಯೊಂದನ್ನು ಕಾಗದದಂತೆ ಹಿಡಿದು, ಗಂಟಲು ಸರಿಪಡಿಸಿಕೊಂಡು, ಇಲ್ಲದ ಕನ್ನಡಕವನ್ನು ಬೆರಳಲ್ಲಿ ಮೇಲೇರಿಸಿದಳು. "ಸದಸ್ಯರ ಗಮನಕ್ಕೆ... ನಗುವುದಿದ್ದರೆ ಮುಂಚಿತವಾಗಿ ತಿಳಿಸತಕ್ಕದ್ದು" ಎಂದು ಮೂಗಿನಲ್ಲಿ ರಾಗವೆಳೆದು ಓದತೊಡಗಿದಳು. ಫ್ರಾವ್ ಕ್ಲೈನ್‌ಗೆ ಒಂದಕ್ಷರ ಕನ್ನಡ ಬಾರದು, ಆದರೂ ಹೊಟ್ಟೆ ಹಿಡಿದುಕೊಂಡರು.

ನಾನಂತೂ ಹುಲ್ಲಿನ ಮೇಲೆ ಬಿದ್ದು ಹೊರಳಾಡಿದೆ. ಎಂಥ ದನಿ, ಎಂಥ ಗತ್ತು! ಪಕ್ಕದಲ್ಲಿದ್ದ ಪ್ರಸನ್ನನ ಬೆನ್ನಿಗೆ ಗುದ್ದಿ ಗುದ್ದಿ ಹೇಳಿದೆ.

"ಮಗಾ, ನೀನೇ ಕಣೋ! ಥೇಟು ನೀನೇ!"

ಪ್ರಸನ್ನ ಚಹಾದ ಲೋಟ ಕೆಳಗಿಟ್ಟ.

"ಗುರು, ನನಗೆ ಕನ್ನಡಕ ಇಲ್ಲ."

ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅರಳಿದ ಬಾಯನ್ನು ಇಂಥ ಹೊತ್ತಿನಲ್ಲಿ ಹೇಗೆ ಮುಚ್ಚಬೇಕು ಎಂಬುದು ಇಪ್ಪತ್ತೆರಡು ಕಲಮುಗಳಲ್ಲಿ ಎಲ್ಲೂ ಇರಲಿಲ್ಲ. ಜಾರಿದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೇರಿಸಿಕೊಂಡೆ.

ಸಿಂಚನಾ ನಕ್ಕಳು. ಎಷ್ಟೋ ತಿಂಗಳ ಮೇಲೆ, ಕಣ್ಣಲ್ಲಿ ನೀರು ಬರುವ ಹಾಗೆ, ನನ್ನಿಂದಲೇ.